ಹಿಂದಿನ ಆಕ್ಸಲ್‌ಗೆ ಕೈಜೋಡಿಸಿದವರಿಗೆ

ಆಗಸ್ಟ್ ತಿಂಗಳ ಮೂರನೆಯ ಶನಿವಾರ ಬೆಳಿಗ್ಗೆ, ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಕಡೆಗೆ ಸಾಗುವ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ, 1930ರ ಫೋರ್ಡ್ ಮಾಡೆಲ್ ಎ ಕೂಪೆ ಕಾರೊಂದು ಟ್ರೇಲರಿನ ಸಹಾಯವಿಲ್ಲದೆ, ಯಾರೂ ತಳ್ಳದೆ, ಹನ್ನೊಂದು ಮೈಲಿ ಓಡಿತು. ಆರು ವರ್ಷಗಳಿಂದ ನಮ್ಮ ಮನೆಯ ಗ್ಯಾರೇಜಿನಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಕಾರು ಅದು. 1995ರಲ್ಲಿ ಶುರುವಾದ, ಹಳೆಯ ಕಾರುಗಳ ಮೆರವಣಿಗೆಯಾದ ವುಡ್‌ವರ್ಡ್ ಡ್ರೀಮ್ ಕ್ರೂಸ್‌ನ ಆ ದೀರ್ಘ ಸಾಲಿನಲ್ಲಿ ನಮ್ಮ ಬಣ್ಣವಿಲ್ಲದ ಕಾರನ್ನು ಹೆಚ್ಚು ಜನ ಗಮನಿಸಿರಲಾರರು. ಆದರೆ ಸ್ಟಿಯರಿಂಗ್ ಹಿಡಿದು ಕುಳಿತಿದ್ದ ನನಗೆ, ಹಿಂದಿನ ಚಕ್ರಗಳು ರಸ್ತೆಯ ಪ್ರತಿಯೊಂದು ತಗ್ಗನ್ನೂ ಸದ್ದಿಲ್ಲದೆ ನುಂಗಿಕೊಳ್ಳುತ್ತಿದ್ದಾಗ, ಯಾರ್ಯಾರ ಕೈಗಳು ಈ ಕಾರಿನ ಅಡಿಯಲ್ಲಿ ಓಡಾಡಿವೆ ಎಂಬುದೊಂದೇ ಮನಸ್ಸಿಗೆ ಬರುತ್ತಿತ್ತು. ಅವರಿಗೆ ಎಲ್ಲರ ಎದುರಿನಲ್ಲಿ ಕೃತಜ್ಞತೆ ಹೇಳಬೇಕೆಂದು ಈ ಬರಹ.

ಎಂಜಿನ್ ಎಲ್ಲಿಂದ ಬಂತು, ನಡುವೆ ಎರಡು ವರ್ಷ ಕೆಲಸ ಏಕೆ ನಿಂತುಹೋಯಿತು ಎಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತಿದೆ. ಅದನ್ನು ಮತ್ತೆ ಹೇಳುವುದಿಲ್ಲ. ಆ ಎರಡು ವರ್ಷಗಳ ನಂತರ ನಾನು ಮತ್ತೆ ಗ್ಯಾರೇಜಿನ ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದ ಕೆಲಸ ಹಿಂದಿನ ಸಸ್ಪೆನ್ಷನ್‌ನದು, ಅಂದರೆ ಚಕ್ರಗಳನ್ನು ಕಾರಿಗೆ ಜೋಡಿಸಿ ರಸ್ತೆಯ ಏಟನ್ನು ತಡೆಯುವ ಏರ್ಪಾಡಿನದು, ಮತ್ತು ಅದನ್ನು ನಾನು ಒಬ್ಬನೇ ಮುಗಿಸಲು ಸಾಧ್ಯವೇ ಇರಲಿಲ್ಲ.

ನಮ್ಮ ಕಾರು ಒಂದು ಹಾಟ್ ರಾಡ್. ಹಾಗೆಂದರೆ ಏನೆಂದು ತಿಳಿಯದ ಬಂಧುಗಳೂ ಇದನ್ನು ಓದುತ್ತಾರೆ ಎಂಬ ಕಾರಣಕ್ಕೆ ಎರಡು ಮಾತು. ಹಳೆಯ ಫೋರ್ಡ್ ಕಾರುಗಳ ಭಾರ ಇಳಿಸಿ, ಮಡ್‌ಗಾರ್ಡ್ ಕಳಚಿ, ಎಂಜಿನ್ನಿನ ಬಲ ಹೆಚ್ಚಿಸಿ, ಕ್ಯಾಲಿಫೋರ್ನಿಯಾದ ಮ್ಯುರಾಕ್ ಮತ್ತು ಎಲ್ ಮಿರಾಜ್‌ನ ಒಣಗಿದ ಕೆರೆಯಂಗಳಗಳಲ್ಲಿ ವೇಗ ಪರೀಕ್ಷಿಸುತ್ತಿದ್ದ ಹುಡುಗರಿಂದ ಬೆಳೆದ ಕಲೆ ಇದು. ಮಾಡೆಲ್ ಎ ಕಾರಿನ ಮೂಲ ವಿನ್ಯಾಸದಲ್ಲಿ, ಹಿಂದಿನ ಎರಡೂ ಚಕ್ರಗಳನ್ನು ಹೊರುವ ಆಕ್ಸಲ್ ಮೇಲೆ ಅಡ್ಡಲಾಗಿ ಕಮಾನಿನಂತೆ ಕೂರುವ ಒಂದೇ ಪಟ್ಟಿ ಸ್ಪ್ರಿಂಗ್ ಇರುತ್ತದೆ. ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಶಾಫ್ಟ್ ಒಂದು ಕೊಳವೆಯೊಳಗೆ ಅಡಗಿರುತ್ತದೆ. ನಲವತ್ತು ಅಶ್ವಶಕ್ತಿಯ ಎಂಜಿನ್‌ಗೆ ಒಪ್ಪುತ್ತಿದ್ದ ಆ ಏರ್ಪಾಡು, ಅದರ ಹಲವು ಪಟ್ಟು ಬಲದ, ಎಂಟು ಸಿಲಿಂಡರಿನ ವಿ8 ಎಂಜಿನ್ ಮತ್ತು ಹೊಸ ಗೇರ್‌ಬಾಕ್ಸ್ ಬಂದ ಮೇಲೆ ಉಳಿಯುವಂತಿಲ್ಲ. ಆದ್ದರಿಂದ ನಾವು ಫೋರ್ಡ್ ಕಂಪನಿಯ ಪ್ರಸಿದ್ಧ ಒಂಬತ್ತು ಇಂಚಿನ ಆಕ್ಸಲ್ ತಂದು, ಅದನ್ನು ಕಾರಿಗೆ ಜೋಡಿಸಲು ಎರಡೂ ಬದಿಗೆ ಎರಡೆರಡು ಸಮಾನಾಂತರ ರಾಡ್‌ಗಳನ್ನು, ಆಕ್ಸಲ್ ಎಡಬಲಕ್ಕೆ ಸರಿಯದಂತೆ ತಡೆಯುವ ಒಂದು ಪ್ಯಾನ್‌ಹಾರ್ಡ್ ರಾಡ್ ಅನ್ನು, ಜೊತೆಗೆ ಒಂದು ಜೋಡಿ ಕಾಯಿಲ್‌ಓವರ್‌ಗಳನ್ನು (ಸುತ್ತಲೂ ಸುರುಳಿ ಸ್ಪ್ರಿಂಗ್ ಇರುವ ಶಾಕ್ ಅಬ್ಸಾರ್ಬರ್‌ಗಳನ್ನು) ಹೊಸದಾಗಿ ಕೂರಿಸಬೇಕಾಯಿತು. ಇವನ್ನೆಲ್ಲ ಹಿಡಿದಿಡುವ ಪ್ರತಿಯೊಂದು ಬ್ರ್ಯಾಕೆಟ್ಟೂ ಕೈಯಲ್ಲಿ ಕತ್ತರಿಸಿ, ಕೊರೆದು, ವೆಲ್ಡ್ ಮಾಡಿದ್ದು.

ಆಕ್ಸಲ್ ಹುಡುಕಿಕೊಟ್ಟ ಸಹೋದ್ಯೋಗಿಗೆ, ತಮ್ಮ ವೆಲ್ಡಿಂಗ್ ಯಂತ್ರವನ್ನೂ ಗ್ಯಾಸ್ ಟಾರ್ಚನ್ನೂ ಚಳಿಗಾಲವಿಡೀ ನಮ್ಮಲ್ಲೇ ಬಿಟ್ಟು ಲೇತ್ ಕೋಣೆಯ ಬೀಗದ ಕೈಯನ್ನೂ ಕೊಟ್ಟ ಪಕ್ಕದ ಮನೆಯ ಹಿರಿಯರಿಗೆ, ಬಾಡಿ ಎತ್ತಿ ಇಳಿಸಲು ಕರೆದಾಗಲೆಲ್ಲ ಬಂದ ಕನ್ನಡ ಕೂಟದ ಐವರು ಗೆಳೆಯರಿಗೆ, ಮಂಡಿಯೂರಿ ಟಾರ್ಚ್ ಲೈಟ್ ಹಿಡಿದ ಮಗಳಿಗೆ ಮತ್ತು ಇಷ್ಟು ವರ್ಷ ತನ್ನ ಕಾರನ್ನು ಹಿಮದಲ್ಲಿ ನಿಲ್ಲಿಸಿದ ನನ್ನ ಹೆಂಡತಿಗೆ ನಾನು ಹೃತ್ಪೂರ್ವಕವಾಗಿ ಋಣಿ. ಇವರಲ್ಲಿ ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಪುಟ ಬರೆಯಬಹುದು. ಆದರೆ ಇವತ್ತು ನಾನು ಮಾವನವರ ಬಗ್ಗೆ ಬರೆಯಬೇಕು.

ನನ್ನ ಮಾವನವರು ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ, ಯಂತ್ರೋಪಕರಣ ವಿಭಾಗದ ಟೂಲ್ ರೂಮಿನಲ್ಲಿ, ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಕಳೆದ ನವೆಂಬರಿನಲ್ಲಿ ಅತ್ತೆಯವರೊಂದಿಗೆ ಆರು ತಿಂಗಳಿಗೆಂದು ಇಲ್ಲಿಗೆ ಬಂದರು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನಮ್ಮಿಬ್ಬರ ನಡುವೆ ಹವಾಮಾನ, ಊಟ, ಪ್ರಯಾಣ ಇವುಗಳಾಚೆಗೆ ಮಾತು ಬೆಳೆದಿರಲಿಲ್ಲ. ಅವರು ನನ್ನನ್ನು ‘ನೀವು’ ಎನ್ನುತ್ತಿದ್ದರು, ನಾನು ಅವರೆದುರು ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದೆ. ಬಂದ ಮೂರನೆಯ ದಿನ ಗ್ಯಾರೇಜಿಗೆ ಇಳಿದವರು, ಕಾರಿನ ಹೊರರೂಪವನ್ನು ನೋಡದೆ ನೇರವಾಗಿ ಚಾಸಿಯ, ಅಂದರೆ ಕಾರಿನ ಅಡಿಯ ಉಕ್ಕಿನ ಚೌಕಟ್ಟಿನ, ಬಳಿಗೆ ಹೋಗಿ, ಎರಡು ಕರ್ಣಗಳನ್ನು ಅಳೆದಿದ್ದೀರಾ ಎಂದು ಕೇಳಿದರು. ಅಳೆದಿರಲಿಲ್ಲ. ಅವರು ಕೈಗಡಿಯಾರವನ್ನು, ಹಳೆಯ ಎಚ್‌ಎಂಟಿ ಜನತಾ ಗಡಿಯಾರವನ್ನು, ಬಿಚ್ಚಿ ಶೆಲ್ಫಿನ ಮೇಲಿಟ್ಟರು. ಆ ಚಳಿಗಾಲವಿಡೀ ನಮ್ಮ ಕೆಲಸ ಶುರುವಾಗುತ್ತಿದ್ದದ್ದು ಹಾಗೆಯೇ.

ಮೊದಲ ಎರಡು ವಾರ ಅವರು ಒಂದು ತುಂಡು ಕಬ್ಬಿಣವನ್ನೂ ಕತ್ತರಿಸಲು ಬಿಡಲಿಲ್ಲ. ನೆಲದ ಮೇಲೆ ನಡುಗೆರೆ ಎಳೆದು, ಚಾಸಿಯಿಂದ ದಾರ ಕಟ್ಟಿ ತೂಗುಗುಂಡು ಇಳಿಬಿಟ್ಟು, ಪ್ರತಿಯೊಂದು ಬಿಂದುವನ್ನೂ ಸೀಮೆಸುಣ್ಣದಲ್ಲಿ ಗುರುತಿಸಿದರು. ಕಾರು ರಸ್ತೆಯಲ್ಲಿ ನಿಲ್ಲುವ ಎತ್ತರಕ್ಕೆ ಸರಿಯಾಗಿ ಆಕ್ಸಲ್ ಅನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಅದರ ಮೇಲೆ 75 ಮಿಲಿಮೀಟರ್ ಏರಲು ಜಾಗ ಬಿಟ್ಟ ಮೇಲೆಯೇ ರಾಡ್‌ಗಳ ಮಾತು. ಪ್ಯಾನ್‌ಹಾರ್ಡ್ ರಾಡ್ ಉದ್ದವಾಗಿರಬೇಕು, ನೆಲಕ್ಕೆ ಸಮನಾಗಿರಬೇಕು ಎಂದು ನಾನು ಓದಿದ್ದೆ, ಆದರೆ ಕಾರಣ ನನ್ನ ಕಣ್ಣಿಗೆ ಕಂಡಿರಲಿಲ್ಲ. ಅವರು ನೆಲದ ಮೇಲೆಯೇ ಎರಡು ಕಮಾನು ಬರೆದು ತೋರಿಸಿದರು: 700 ಮಿಲಿಮೀಟರ್ ಉದ್ದದ ರಾಡ್‌ನ ತುದಿ 50 ಮಿಲಿಮೀಟರ್ ಮೇಲೇರಿದಾಗ ಆಕ್ಸಲ್ ಪಕ್ಕಕ್ಕೆ ಸರಿಯುವುದು ಎರಡು ಮಿಲಿಮೀಟರಿಗಿಂತ ಕಡಿಮೆ; 400ರ ರಾಡ್ ಆದರೆ ಅದು ಮೂರನ್ನು ದಾಟುತ್ತದೆ. ನಾನು ಇಂಟರ್‌ನೆಟ್‌ನಲ್ಲಿ ತಿಂಗಳುಗಟ್ಟಲೆ ಓದಿದ್ದು ಆ ಐದು ನಿಮಿಷದ ಚಿತ್ರದಲ್ಲಿ ನನ್ನದಾಯಿತು. ಗೇರ್‌ಬಾಕ್ಸಿನ ಬಾಲ ಮೂರು ಡಿಗ್ರಿ ಕೆಳಗೆ ಬಾಗಿದ್ದರೆ ಆಕ್ಸಲ್‌ನ ಪಿನಿಯನ್, ಅಂದರೆ ಶಾಫ್ಟ್ ಬಂದು ಸೇರುವ ಹಲ್ಲುಗಾಲಿ, ಮೂರು ಡಿಗ್ರಿ ಮೇಲಕ್ಕೆ ನೋಡಬೇಕು, ಆಗಲೇ ಶಾಫ್ಟಿನ ಎರಡೂ ತುದಿಯ ಜಾಯಿಂಟ್‌ಗಳು ಒಂದರ ನಡುಕವನ್ನು ಇನ್ನೊಂದು ಕಳೆಯುತ್ತವೆ ಎಂಬುದನ್ನೂ, ಸಮಾನ ಉದ್ದದ ಸಮಾನಾಂತರ ರಾಡ್‌ಗಳಿದ್ದರೆ ಆಕ್ಸಲ್ ಏರಿಳಿದರೂ ಆ ಕೋನ ಕೆಡುವುದಿಲ್ಲ ಎಂಬುದನ್ನೂ ಅವರು ರಟ್ಟಿನ ಮಾದರಿ ಮಾಡಿ ಮಗಳಿಗೆ ವಿವರಿಸಿದರು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ಹೌಸಿಂಗ್‌ಗೆ, ಅಂದರೆ ಆಕ್ಸಲ್‌ನ ಕೊಳವೆಯಂಥ ಉಕ್ಕಿನ ಕವಚಕ್ಕೆ, ಬ್ರ್ಯಾಕೆಟ್ ವೆಲ್ಡ್ ಮಾಡುವ ಮುನ್ನ ಅವರು ಒಂದೇ ಎಚ್ಚರಿಕೆ ಕೊಟ್ಟಿದ್ದರು. ಒಂದು ಸಲಕ್ಕೆ ಒಂದಿಂಚಿಗಿಂತ ಹೆಚ್ಚು ಬೆಸುಗೆ ಎಳೆಯಬಾರದು. ಒಮ್ಮೆ ಎಡ, ಒಮ್ಮೆ ಬಲ. ಬರಿಗೈ ಇಟ್ಟು ನೋಡುವಷ್ಟು ತಣ್ಣಗಾಗದೆ ಮತ್ತೆ ಅದೇ ಜಾಗಕ್ಕೆ ಹೋಗಬಾರದು. ಬೆಸುಗೆ ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಕೊಳವೆಯನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇದೆಲ್ಲ ಗೊತ್ತಿದ್ದೂ, ಫೆಬ್ರವರಿಯ ಒಂದು ರಾತ್ರಿ, ಅವರು ಹಿಂತಿರುಗುವ ದಿನ ಹತ್ತಿರವಾಗುತ್ತಿದೆ ಎಂಬ ಆತುರದಲ್ಲಿ, ಎಲ್ಲರೂ ಮಲಗಿದ ಮೇಲೆ ನಾನೊಬ್ಬನೇ ಕುಳಿತು ಅಷ್ಟೂ ಬ್ರ್ಯಾಕೆಟ್‌ಗಳನ್ನು ಒಂದೇ ಸಮನೆ ವೆಲ್ಡ್ ಮಾಡಿಬಿಟ್ಟೆ. ಹನ್ನೊಂದೂವರೆಗೆ, ಹೌಸಿಂಗ್ ನೇರವಾಗಿದೆಯೇ ಎಂದು ನೋಡಲು ಮಾವನವರೇ ಸಿದ್ಧಪಡಿಸಿದ್ದ ಉದ್ದನೆಯ ಸರಳನ್ನು ತೂರಿಸಲು ಹೋದೆ. ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಬೇರಿಂಗ್ ಕೂರುವ ಜಾಗಗಳಲ್ಲಿ, ಪಕ್ಕದ ಮನೆಯ ಲೇತ್‌ನಲ್ಲಿ ತಿರುಗಿಸಿದ ಬಿಲ್ಲೆಗಳ ಮೂಲಕ ಹಾಯುವ ಆ ಸರಳು, ಕೊಳವೆಗಳ ಎರಡೂ ತುದಿಗಳ ನಟ್ಟನಡುವೆ ಹೊರಬರಬೇಕು. ತುದಿಯ ಬಿಲ್ಲೆಯೊಳಕ್ಕೆ ಅದು ಹೋಗಲೇ ಇಲ್ಲ. ಬಲತುದಿ ಮೂರು ಮಿಲಿಮೀಟರಿಗಿಂತ ಹೆಚ್ಚು, ಎಡತುದಿ ಎರಡು ಮಿಲಿಮೀಟರಿನಷ್ಟು ಮುಂದಕ್ಕೆ ಬಾಗಿತ್ತು. ಹಾಗೇ ಜೋಡಿಸಿದ್ದರೆ ಬೇರಿಂಗ್‌ಗಳೂ ಆಕ್ಸಲ್‌ನ ಹಲ್ಲುಗಳೂ ಬೇಗನೆ ಸವೆದುಹೋಗುತ್ತಿದ್ದವು.

ಅಲ್ಲೇ ಕುಳಿತು ಅತ್ತುಬಿಟ್ಟೆ. ಕಾರಿನ ಒಂದು ಭಾಗ ಕೆಟ್ಟದ್ದಕ್ಕೆ ಗಂಡಸೊಬ್ಬ ಹಾಗೆ ಅಳುವುದುಂಟೇ ಎಂದು ಯಾರಾದರೂ ಕೇಳಬಹುದು. ನಾನು ಅತ್ತದ್ದು ಹೌಸಿಂಗ್‌ಗಾಗಿ ಮಾತ್ರ ಅಲ್ಲ. ಆ ಎರಡು ವರ್ಷಗಳಲ್ಲಿ ಎಲ್ಲರೆದುರು ಗಟ್ಟಿಯಾಗಿ ನಿಂತು ತಡೆಹಿಡಿದದ್ದೆಲ್ಲ, ಮೈನಸ್ ಹದಿನೆಂಟು ಡಿಗ್ರಿಯ ಆ ರಾತ್ರಿ, ತಣ್ಣನೆಯ ಕಾಂಕ್ರೀಟಿನ ಮೇಲೆ ಕುಳಿತಿದ್ದಾಗ ಹೊರಗೆ ಬಂತು. ನಾನು ಮುಟ್ಟಿದ್ದೆಲ್ಲ ಬಾಗುತ್ತದೆ, ಇನ್ನು ಇದನ್ನೆಲ್ಲ ಕತ್ತರಿಸಿ ಗುಜರಿಗೆ ಹಾಕುತ್ತೇನೆ ಎಂದು ಜೋರಾಗಿಯೇ ಹೇಳುತ್ತಿದ್ದೆ. ನೀರು ಕುಡಿಯಲು ಎದ್ದಿದ್ದ ಮಾವನವರು ಬೆಳಕು ಕಂಡು ಬಾಗಿಲಲ್ಲಿ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ಅವರು ಸರಳನ್ನು ನೋಡಿದರು, ಬೆಸುಗೆಯನ್ನು ನೋಡಿದರು. ಏನು ಮಾಡಿದ್ದೇನೆಂದು ಅವರಿಗೆ ಹೇಳಬೇಕಾಗಿರಲಿಲ್ಲ. ತಿರುವಿ ಇಟ್ಟ ಬಕೆಟ್‌ನ ಮೇಲೆ ನನ್ನ ಪಕ್ಕದಲ್ಲೇ ಕುಳಿತು, ಬೆನ್ನ ಮೇಲೆ ಕೈಯಿಟ್ಟು ಹೇಳಿದರು: “ಕಬ್ಬಿಣ ಎಲ್ಲಿಗೂ ಓಡಿಹೋಗಲ್ಲ. ನೀನು ಮೊದಲು ಸುಧಾರಿಸಿಕೋ.” ಹದಿನಾಲ್ಕು ವರ್ಷಗಳಲ್ಲಿ ಅವರು ನನ್ನನ್ನು ‘ನೀನು’ ಎಂದದ್ದು ಅದೇ ಮೊದಲು. ಅರ್ಧ ಗಂಟೆ ನಾವಿಬ್ಬರೂ ಮಾತಾಡಲಿಲ್ಲ. ಹೇಳಿದ ಮಾತು ಏಕೆ ಮೀರಿದೆ ಎಂದು ಅವರು ಕೇಳಲಿಲ್ಲ. ಆ ರಾತ್ರಿಯೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ನಂತರ ಎದ್ದು ಗಡಿಯಾರ ಬಿಚ್ಚಿಟ್ಟರು. ಬೆಸುಗೆಯ ಬದಿ ಕುಗ್ಗಿದ್ದರಿಂದ ಕೊಳವೆ ಬಾಗಿದೆ, ಹಾಗಾದರೆ ಅದರ ಎದುರು ಬದಿಯನ್ನೂ ಅಷ್ಟೇ ಕುಗ್ಗಿಸಬೇಕು ಎಂದರು. ಗಾಳಿಯಾಡಲು ಗ್ಯಾರೇಜಿನ ಬಾಗಿಲನ್ನು ಒಂದಡಿ ಎತ್ತಿ, ಎರಡು ಸ್ವೆಟರ್, ಮಂಕಿ ಕ್ಯಾಪ್, ಕಪ್ಪು ಕನ್ನಡಕ ಹಾಕಿಕೊಂಡು ಎಪ್ಪತ್ತೊಂದರ ವಯಸ್ಸಿನಲ್ಲಿ ಅವರು ಗ್ಯಾಸ್ ಟಾರ್ಚ್ ಹಿಡಿದರು. ಕೊಳವೆಯ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಗುರುತಿಸಿದ ನಾಣ್ಯದಷ್ಟು ಜಾಗವನ್ನು ಮಂಕು ಕೆಂಪಿಗೆ ಬರುವವರೆಗೆ ಕಾಯಿಸುವುದು, ಜ್ವಾಲೆ ತೆಗೆದು ತಣಿಯಲು ಬಿಡುವುದು, ಆಮೇಲೆ ಒದ್ದೆ ಬಟ್ಟೆ ಒತ್ತುವುದು, ಕ್ಯಾಲಿಪರ್‌ನಿಂದ ಅಳೆದು ಬರೆದುಕೊಳ್ಳುವುದು. ಕಾದ ಜಾಗ ಹಿಗ್ಗಲು ಹೋಗುತ್ತದೆ, ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. ಮೆತ್ತಗಾದ ಲೋಹ ಅಲ್ಲಿಯೇ ಒತ್ತಿಕೊಂಡು, ತಣಿಯುವಾಗ ಮೊದಲಿಗಿಂತ ಚಿಕ್ಕದಾಗಿ ಕೊಳವೆಯನ್ನು ತನ್ನತ್ತ ಎಳೆಯುತ್ತದೆ. ಮೊದಲ ಸಲ ಬಲತುದಿ ಮುಕ್ಕಾಲು ಮಿಲಿಮೀಟರ್ ಹಿಂದಕ್ಕೆ ಬಂದಾಗ ನಾನು ಇನ್ನೆರಡು ಕಡೆ ಒಟ್ಟಿಗೆ ಕಾಯಿಸೋಣವೆಂದೆ. ಅವರು ತಲೆ ಅಲ್ಲಾಡಿಸಿ, ತಣಿಯಲಿ ಎಂದಷ್ಟೇ ಅಂದರು. ಮೂರು ಗಂಟೆಯ ಹೊತ್ತಿಗೆ ಅತ್ತೆಯವರು ಎದ್ದು ಬಂದು, ಏನನ್ನೂ ಕೇಳದೆ ಎರಡು ಲೋಟ ಕಾಫಿ ಇಟ್ಟು ಹೋದರು. ಬಲಕ್ಕೆ ಐದು ಸಲ, ಎಡಕ್ಕೆ ಮೂರು ಸಲ. ಐದು ಗಂಟೆ ದಾಟಿದಾಗ ಸರಳು ಬೆರಳಿನಿಂದ ತಳ್ಳಿದರೆ ಸಾಕೆನ್ನುವಂತೆ ಎರಡೂ ತುದಿಯ ಬಿಲ್ಲೆಗಳೊಳಗೆ ಜಾರಿ ಹೋಯಿತು. ಎಣ್ಣೆ ಹಚ್ಚಿದ ಸರಳು ಬಿಲ್ಲೆಯೊಳಗೆ ಹೊಕ್ಕ ಆ ಸಣ್ಣ ಸದ್ದನ್ನು ನಾನು ಮರೆಯಲಾರೆ.

ಬೆಳಿಗ್ಗೆ ತಿಂಡಿಗೆ ಕುಳಿತಾಗ ಅವರು ಮತ್ತೆ ‘ನೀವು’ ಎಂದರು. ಉಳಿದ ಬೆಸುಗೆಗಳನ್ನು, ಚಾಸಿಯ ಬದಿಯ ಬ್ರ್ಯಾಕೆಟ್‌ಗಳನ್ನು, ಒಂದೊಂದಿಂಚಿನಂತೆ ಒಂಬತ್ತು ಸಂಜೆ ಕುಳಿತು ಮುಗಿಸಿದೆವು. ಪ್ಯಾನ್‌ಹಾರ್ಡ್ ರಾಡ್‌ನ ಬೋಲ್ಟ್ ಒಂದೇ ಕಿವಿಯಿಂದ ತೂಗಬಾರದೆಂದು, ಎರಡು ತಗಡುಗಳ ನಡುವೆ ಹಿಡಿಯುವಂತೆ ಆ ಬ್ರ್ಯಾಕೆಟ್ಟನ್ನು ಅವರು ಮೂರು ಸಲ ಮತ್ತೆ ಮಾಡಿಸಿದರು. ಏಪ್ರಿಲ್ ಕೊನೆಗೆ ಅವರು ಬೆಂಗಳೂರಿಗೆ ಹೊರಟಾಗ ಕಾರು ಇನ್ನೂ ಸ್ಟ್ಯಾಂಡ್ ಮೇಲೆಯೇ ಇತ್ತು. ಅದು ನೆಲದ ಮೇಲೆ ಉರುಳುವುದನ್ನು ಅವರು ಕಣ್ಣಾರೆ ನೋಡಲಿಲ್ಲ ಎಂಬ ನೋವು ನನಗಿದೆ. ಹೊರಡುವ ದಿನ ಒಂದು ಹಾಳೆಯಲ್ಲಿ, ಟೂಲ್ ರೂಮಿನ ದಪ್ಪ ಅಚ್ಚುಕಟ್ಟು ಅಕ್ಷರಗಳಲ್ಲಿ, ಬರೆದಿಟ್ಟು ಹೋಗಿದ್ದರು: 500 ಮೈಲಿ ಓಡುವವರೆಗೆ ಬ್ರ್ಯಾಕೆಟ್‌ಗಳಿಗೆ ಬಣ್ಣ ಹೊಡೆಯಬೇಡಿ, ಬಿರುಕು ಬಂದರೆ ಬರಿಯ ಕಬ್ಬಿಣದಲ್ಲೇ ಕಾಣುತ್ತದೆ, ಪ್ರತಿ 100 ಮೈಲಿಗೆ ಬೋಲ್ಟ್‌ಗಳನ್ನು ನೋಡಿ, ಪಿನಿಯನ್ ಕೋನ ಅಳೆದು ತಿಳಿಸಿ.

ಕಳೆದ ಭಾನುವಾರ ಮೀಟರು 500 ದಾಟಿತು. ಕಾರನ್ನು ಎತ್ತಿ ನಿಲ್ಲಿಸಿ, ಪ್ರತಿಯೊಂದು ಬೆಸುಗೆಯನ್ನೂ ಒರೆಸಿ, ಭೂತಗನ್ನಡಿ ಹಿಡಿದು ನೋಡಿದೆ. ಬಿರುಕಿಲ್ಲ. ಪಿನಿಯನ್ ಕೋನ ಮೂರು ಡಿಗ್ರಿಯಲ್ಲೇ ಇದೆ. ಪ್ಯಾನ್‌ಹಾರ್ಡ್ ರಾಡ್‌ನ ಒಂದು ನಟ್ ಮಾತ್ರ ಕಾಲು ಸುತ್ತು ಬಿಗಿಯಾಯಿತು. ಎಲ್ಲದರ ಫೋಟೋ ತೆಗೆದು ಮಾವನವರಿಗೆ ಕಳಿಸಿದೆ. ಬೆಂಗಳೂರಿನಲ್ಲಿ ಆಗ ಬೆಳಗಿನ ಜಾವ, ಹತ್ತು ನಿಮಿಷದಲ್ಲೇ ಉತ್ತರ ಬಂತು: “ಎಡಗಡೆ ಮೇಲಿನ ಬ್ರ್ಯಾಕೆಟ್ಟಿನದು ಇನ್ನೊಂದು ಫೋಟೋ, ಹತ್ತಿರದಿಂದ.” ಅದನ್ನೂ ಕಳಿಸಿದೆ. “ಸರಿ. ಈಗ ಬಣ್ಣ ಹೊಡೆಯಬಹುದು” ಎಂದು ಬರೆದರು.