ಏಜೆಂಟನ ಕಾಗದ, ಲೀಡರ್ ಪೆಟ್ಟಿಗೆ

ಗೆಳೆಯಾ,

ಮೊನ್ನೆ ಫೋನಲ್ಲಿ ಗೊಣಗ್ತಿದ್ದೆಯಲ್ಲ, ವರ್ಷವೆಲ್ಲ ವೋಟರ್ ಲಿಸ್ಟ್ ಹಿಡ್ಕೊಂಡು ಬೀದಿ ಸುತ್ತೋರು ನಾವು, ಗೆದ್ದ ದಿನ ಹಾರ ಹಾಕಿಸ್ಕೊಳ್ಳೋರು ಯಾರೋ ಅಂತ. ಆವಾಗ ನಂಗೆ ನೆನಪಾದವನು ಜಾನ್ ಎಲ್ಡನ್ ಗೋರ್ಸ್ಟ್. ವಿಕ್ಟೋರಿಯಾ ರಾಣಿ ಕಾಲದಲ್ಲಿ ಇಂಗ್ಲೆಂಡಿನ ಕನ್ಸರ್ವೇಟಿವ್ ಪಾರ್ಟಿಗೆ ಪ್ರಿನ್ಸಿಪಲ್ ಏಜೆಂಟ್, ಅಂದ್ರೆ ಚುನಾವಣಾ ಸಂಘಟನೆ ನೋಡ್ಕೊಳ್ಳೋ ಮುಖ್ಯಸ್ಥ ಆಗಿದ್ದ ಆಸಾಮಿ. ಆಗ ಮಾತು ಮುಗಿಸೋಕಾಗ್ಲಿಲ್ಲ, ಅದಕ್ಕೇ ಕೂತು ಬರೀತಿದೀನಿ.

ಮೊದಲು ಏಜೆಂಟ್ ಅಂದ್ರೆ ಏನು ಕೆಲಸ ಅಂತ ತಿಳ್ಕೋ, ನಿಂಗೆ ನಗು ಬರುತ್ತೆ. 1832ರ ಸುಧಾರಣಾ ಕಾಯ್ದೆ ಬಂದ್ಮೇಲೆ ಅಲ್ಲಿ ವೋಟರ್ ಲಿಸ್ಟ್ ಶುರುವಾಯ್ತು. ಪ್ಯಾರಿಷ್‌ನ (ಒಂದು ಚರ್ಚ್‌ಗೆ ಸೇರಿದ ಊರು-ಕೇರಿ) ಅಧಿಕಾರಿಗಳು ಲಿಸ್ಟ್ ಬರೆದು ಚರ್ಚ್ ಬಾಗಿಲಿಗೆ ಅಂಟಿಸ್ತಿದ್ರು, ಯಾರ ಹೆಸರಿನ ಮೇಲೆ ಬೇಕಾದ್ರೂ ಇನ್ನೊಬ್ಬ ಮತದಾರ ಆಕ್ಷೇಪಣೆ ಹಾಕಬಹುದಿತ್ತು, ಆಮೇಲೆ ಒಬ್ಬ ವಕೀಲ ಬಂದು ಕೋರ್ಟ್ ಥರ ಕೂತು ಒಂದೊಂದೇ ಹೆಸರು ವಿಚಾರಿಸ್ತಿದ್ದ. ಬಾಡಿಗೆ ಎಷ್ಟು, ತೆರಿಗೆ ಕಟ್ಟಿದಾನಾ, ಮನೆ ಬದಲಾಯಿಸಿದಾನಾ ಇಂಥವೇ. ಆಕ್ಷೇಪಣೆ ಬಿದ್ದವನು ಕೆಲಸ ಬಿಟ್ಟು ಬರೋಕಾಗದೆ ಮನೇಲೇ ಉಳಿದ್ರೆ ಹೆಸರು ಹೋದಂಗೇ. ಎರಡೂ ಪಾರ್ಟಿ ಏಜೆಂಟರು ಎದುರಾಳಿಯ ವೋಟರ್ ಹೆಸರು ಹೊಡೆಸೋದು, ತಮ್ಮವರ ಹೆಸರು ಸೇರಿಸೋದು, ಇದೇ ಧಂದೆ. ಹೆಸರು ಸೇರಿಸೋ ನಿನ್ನ ಫಾರಂ ಆರು, ಹೆಸರು ತೆಗೆಸೋ ಫಾರಂ ಏಳರ ತಾತ ಇದೇ ಕಣೋ. 1872ರವರೆಗೆ ಗುಪ್ತ ಮತದಾನನೂ ಇರ್ಲಿಲ್ಲ, ಯಾರು ಯಾರಿಗೆ ಹಾಕಿದ್ರು ಅಂತ ಎಷ್ಟೋ ಊರಲ್ಲಿ ಪುಸ್ತಕನೇ ಅಚ್ಚು ಹಾಕಿಸ್ತಿದ್ರು, ಏಜೆಂಟನಿಗೆ ಅದೇ ಪಂಚಾಂಗ.

ಗೋರ್ಸ್ಟ್ ಹುಟ್ಟಿದ್ದು 1835ರಲ್ಲಿ, ಪ್ರೆಸ್ಟನ್ ಊರಲ್ಲಿ. ಕೇಂಬ್ರಿಡ್ಜಲ್ಲಿ ಗಣಿತ ಓದಿ ನ್ಯೂಜಿಲೆಂಡಿಗೆ ಹೋದ, ಅಲ್ಲಿ ವೈಕಾಟೊ ಸೀಮೇಲಿ ಮ್ಯಾಜಿಸ್ಟ್ರೇಟ್ ಆಗಿದ್ದು ಸರ್ಕಾರದ ಪರವಾಗಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ ಒಂದು ಪತ್ರಿಕೆ ನಡೆಸ್ದ. ಮಾವೊರಿ ರಾಜನ ಕಡೆಯವರಿಗೆ ಅದರ ಗೇಲಿ ತಡೀಲಿಲ್ಲ, 1863ರಲ್ಲಿ ಅವರ ಮುಖಂಡ ರೇವಿ ಮಾನಿಯಾಪೊಟೊನ ಜನ ಬಂದು ಪ್ರಿಂಟಿಂಗ್ ಪ್ರೆಸ್ಸನ್ನೇ ಹೊತ್ಕೊಂಡ್ಹೋದ್ರು. ಬಾಯಿ ಸುಮ್ನಿರದ ಗುಣ ಆವಾಗ್ಲಿಂದ್ಲೇ ಇತ್ತು ಅನ್ಸುತ್ತೆ.

ವಾಪಸ್ ಬಂದು 1866ರಲ್ಲಿ ಎಂಪಿ ಆದ, 1868ರಲ್ಲಿ ಸೋತ, ಪಾರ್ಟಿನೂ ಸೋತು ಮಕಾಡೆ ಮಲಗಿತ್ತು. 1867ರ ಕಾಯ್ದೆಯಿಂದ ವೋಟರ್‌ಗಳ ಸಂಖ್ಯೆ ಹೆಚ್ಚುಕಮ್ಮಿ ಡಬಲ್ ಆಗಿ ಪಟ್ಟಣದ ಕಾರ್ಮಿಕರ ಕೈಗೂ ವೋಟ್ ಬಂದಿತ್ತು, ಆದ್ರೆ ಪಾರ್ಟಿ ನಡೆಸ್ತಿದ್ದವರು ಇನ್ನೂ ಹಳ್ಳಿ ಜಮೀನ್ದಾರರ ಲೆಕ್ಕದಲ್ಲೇ ಇದ್ರು. 1870ರಲ್ಲಿ ಪಾರ್ಟಿ ಲೀಡರ್ ಡಿಸ್ರೇಲಿ ಇವನನ್ನ ಕರೆದು ಸಂಘಟನೆ ಕೈಗೆ ಕೊಟ್ಟ. ಸೆಂಟ್ರಲ್ ಆಫೀಸ್ ಅಂತ ಶುರುವಾಗಿದ್ದು ಆಗ್ಲೇ. ಊರೂರಲ್ಲಿ ಕಮಿಟಿ ಕಟ್ಟಿಸೋದು, ಎಲ್ಲೆಲ್ಲಿ ಯಾರನ್ನ ನಿಲ್ಲಿಸಬಹುದು ಅಂತ ಮೊದಲೇ ಪಟ್ಟಿ ಮಾಡಿಟ್ಕೊಳ್ಳೋದು. ಅದ್ರಲ್ಲೂ ದೊಡ್ಡ ಪಟ್ಟಣಗಳ ಮೇಲೆ ಅವನ ಕಣ್ಣು, ಭವಿಷ್ಯ ಅಲ್ಲೇ ಇದೆ ಅಂತ ಅವನಿಗೆ ಗೊತ್ತಿತ್ತು. 1874ರ ಜನವರಿಯಲ್ಲಿ ಲಿಬರಲ್ ಪ್ರಧಾನಿ ಗ್ಲಾಡ್‌ಸ್ಟನ್ ದಿಢೀರ್ ಅಂತ ಚುನಾವಣೆ ಘೋಷಿಸಿದಾಗ ಇವರು ರೆಡಿ ಇದ್ರು, 1841ರ ನಂತರ ಮೊದಲ ಸಲ ಕನ್ಸರ್ವೇಟಿವ್‌ಗಳಿಗೆ ಸ್ವಂತ ಬಹುಮತ ಬಂತು. ಎಲ್ಲಾ ಗೋರ್ಸ್ಟ್ ಒಬ್ಬನಿಂದ್ಲೇ ಅಂತ ನಾನು ಹೇಳಲ್ಲ, ಲಿಬರಲ್‌ಗಳು ಒಳಗೊಳಗೇ ಕಿತ್ತಾಡ್ಕೊಂಡು ಸುಸ್ತಾಗಿದ್ರು. ಆದ್ರೂ ತಯಾರಿ ಇಲ್ದೆ ಗಾಳಿ ಬೀಸಿದ್ರೆ ಪ್ರಯೋಜನ ಇಲ್ಲ ಅಂತ ನಿಂಗೇ ಗೊತ್ತಲ್ಲ.

ಗೆದ್ದ ಮೇಲೆ ಏನಾಯ್ತು ಅಂದ್ರೆ, ಪಾರ್ಲಿಮೆಂಟಲ್ಲಿ ಪಾರ್ಟಿ ಎಂಪಿಗಳನ್ನ ಒಟ್ಟಿಗೆ ಹಿಡಿದಿಡೋ ವಿಪ್‌ಗಳು ಟ್ರೆಜರಿ ಅನ್ನೋ ಸರ್ಕಾರಿ ಆಫೀಸಲ್ಲಿ ಕೂತ್ಕೊಂಡು ಎಲೆಕ್ಷನ್ ವ್ಯವಹಾರ ತಾವೇ ನೋಡ್ಕೊಳ್ಳೋಕೆ ಶುರು ಮಾಡಿದ್ರು, ಊರುಗಳಲ್ಲಿ ದುಡಿದವರಿಗೆ ಸಿಗಬೇಕಾದ ಸಣ್ಣಪುಟ್ಟ ಹುದ್ದೆ ಸಿಗ್ಲಿಲ್ಲ, ಇವನಿಗೂ ಅಂದ್ಕೊಂಡಿದ್ದು ಸಿಗ್ಲಿಲ್ಲ. ಇವನು ಡಿಸ್ರೇಲಿಗೆ ಪತ್ರದ ಮೇಲೆ ಪತ್ರ. 1877ರಲ್ಲಿ ನೇರವಾಗೇ ಬರೆದ, ಟ್ರೆಜರಿಯಿಂದ ಚುನಾವಣೆ ನಡೆಸೋದನ್ನ ನಿಲ್ಲಿಸಿ ಅಂತ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, ಅದೇ ವರ್ಷ ಇವನು ಹೊರಗೆ. 1880ರಲ್ಲಿ ಪಾರ್ಟಿ ನೆಲಕಚ್ಚಿದ್ಮೇಲೆ ಮತ್ತೆ ಕರೆದ್ರು, ಎರಡು ವರ್ಷದಲ್ಲಿ ಮತ್ತೆ ಜಗಳ, ಮತ್ತೆ ಹೊರಗೆ.

ಆ ಪತ್ರಗಳು ಈಗ ಎಲ್ಲಿವೆ ಹೇಳು? ಡಿಸ್ರೇಲಿ ಕಾಗದಗಳ ಜೊತೆ, ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿ. ಇವನಿಗಿಂತ ಹಿಂದಿನ ಏಜೆಂಟ್ ಫ್ರಾನ್ಸಿಸ್ ಬಾನಮ್‌ನ ಪತ್ರಗಳೂ ಹಂಗೇ, ಆಗಿನ ಪಾರ್ಟಿ ಲೀಡರ್ ರಾಬರ್ಟ್ ಪೀಲ್ ಕಾಗದಗಳ ಒಳಗೆ, ಬ್ರಿಟಿಷ್ ಲೈಬ್ರರಿಯಲ್ಲಿ. ಏಜೆಂಟನ ಬದುಕು ತಿಳೀಬೇಕಂದ್ರೂ ಲೀಡರ್ ಪೆಟ್ಟಿಗೆನೇ ತೆಗೀಬೇಕು, ಯಾಕಂದ್ರೆ ಜೋಪಾನವಾಗಿ ಇಟ್ಕೊಳ್ಳೋದು ಲೀಡರ್ ಮನೆಯವರು.

ನಮಗೆ ಹತ್ತಿರದ ವಿಷಯ ಒಂದಿದೆ. 1886ರಿಂದ ಗೋರ್ಸ್ಟ್ ಇಂಡಿಯಾ ಖಾತೆಯ ಉಪಮಂತ್ರಿ. 1891ರಲ್ಲಿ ಮಣಿಪುರದ ಗಲಾಟೆ, ಅಸ್ಸಾಂ ಚೀಫ್ ಕಮಿಷನರ್ ಕ್ವಿಂಟನ್ ಇಂಫಾಲದಲ್ಲಿ ಸತ್ತ. ಮಣಿಪುರದ ಸೇನಾಪತಿ ಟಿಕೇಂದ್ರಜಿತ್‌ನನ್ನ ಹಿಡಿದು ಗಡೀಪಾರು ಮಾಡೋಕೆ ಹೋಗಿದ್ದು ಯಾಕೆ ಅಂತ ಪಾರ್ಲಿಮೆಂಟಲ್ಲಿ ಪ್ರಶ್ನೆ ಬಂತು. ಸರ್ಕಾರದ ಪರವಾಗಿ ಉತ್ತರ ಕೊಡೋಕೆ ಎದ್ದ ಗೋರ್ಸ್ಟ್ ಹೇಳಿದ್ದೇನು ಗೊತ್ತಾ, ಸ್ವಂತ ಬುದ್ಧಿ, ಸ್ವಂತ ಶಕ್ತಿ ಇರೋ ಮನುಷ್ಯರನ್ನ ಕಂಡ್ರೆ ಸರ್ಕಾರಗಳಿಗೆ ಯಾವತ್ತೂ ಆಗಲ್ಲ, ಎತ್ತರ ಬೆಳೆದ ಗಿಡದ ತಲೆ ಸವರೋದು ಹಳೇ ಪದ್ಧತಿ ಅನ್ನೋ ಅರ್ಥದ ಮಾತು. ಸಮರ್ಥನೆನೋ ಬೈಗುಳನೋ ಯಾರಿಗೂ ಗೊತ್ತಾಗ್ಲಿಲ್ಲ, ದೊಡ್ಡ ರಂಪ ಆಯ್ತು. ನಂಗನ್ಸುತ್ತೆ ಅವನು ತನ್ನ ಸಿಟ್ಟನ್ನೂ ಅದ್ರಲ್ಲೇ ಸೇರಿಸಿ ಕಕ್ಕಿದ. ಅದ್ರಿಂದ ಟಿಕೇಂದ್ರಜಿತ್‌ಗೆ ಏನೂ ಉಪಯೋಗ ಆಗ್ಲಿಲ್ಲ, ಆಗಸ್ಟ್ 13ಕ್ಕೆ ನೇಣು ಹಾಕಿದ್ರು.

ಕೊನೆಗೆ ಗೋರ್ಸ್ಟ್ ಪಾರ್ಟಿನೇ ಬಿಟ್ಟ. 1910ರಲ್ಲಿ, ಎಪ್ಪತ್ತು ದಾಟಿದ ವಯಸ್ಸಲ್ಲಿ, ಹುಟ್ಟೂರು ಪ್ರೆಸ್ಟನ್‌ನಲ್ಲೇ ಲಿಬರಲ್ ಆಗಿ ನಿಂತು ಸೋತ. 1916ರಲ್ಲಿ ತೀರ್ಕೊಂಡ. ಲಿಬರಲ್ ಕಡೆ ಇವನಿಗೆ ಸರಿಸಾಟಿ ಇದ್ದವನು ಬರ್ಮಿಂಗ್‌ಹ್ಯಾಮ್‌ನ ಶ್ನಾಡ್‌ಹಾರ್ಸ್ಟ್, ವಾರ್ಡ್ ಮಟ್ಟದ ಕಮಿಟಿಯಲ್ಲಿ ಪಂಟರ್. ಅವನದು ನಿಂಗೆ ಇನ್ನೂ ಇಷ್ಟ ಆಗುತ್ತೆ, ಈ ಸಲದ ಲಿಸ್ಟ್ ಪರಿಷ್ಕರಣೆ ಮುಗಿಸ್ಕೊಂಡು ಪುರುಸೊತ್ತಾದಾಗ ಫೋನ್ ಮಾಡು, ಹೇಳ್ತೀನಿ.

ನಿನ್ನ ಗೆಳೆಯ