ಅವರಿಗೆ ಧೈರ್ಯವಿತ್ತು, ದಾವೆ ಹೂಡುವ ಹಕ್ಕು ಇರಲಿಲ್ಲ

ಮಾನ್ಯ ಸಂಪಾದಕರೇ,

ಹಳೆಯ ಇಂಗ್ಲಿಷ್ ಕಾದಂಬರಿಗಳ ನಾಯಕಿಯರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬರಹ ಚೆನ್ನಾಗಿದೆ, ಪ್ರೀತಿಯಿಂದ ಬರೆದಿದ್ದಾರೆ. ಆದರೆ ಒಂದು ಮಾತು ಮಾತ್ರ ನನ್ನನ್ನು ಎರಡು ದಿನ ಕಾಡಿತು. ಆ ಹೆಂಗಸರು ಅಳುತ್ತಾರೆ, ಸಹಿಸುತ್ತಾರೆ, ಇಲ್ಲವೇ ರಾತ್ರೋರಾತ್ರಿ ಮನೆ ಬಿಟ್ಟು ಓಡುತ್ತಾರೆ, ಎದುರು ನಿಂತು ನ್ಯಾಯ ಕೇಳುವ ಧೈರ್ಯ ತೋರಿಸುವುದಿಲ್ಲ ಎಂದಿದ್ದಾರೆ. ನಾನು ಹಲವು ವರ್ಷಗಳಿಂದ ಈ ಕಾದಂಬರಿಗಳನ್ನು ಪಾಠ ಮಾಡುತ್ತಿದ್ದೇನೆ. ಕ್ಲಾಸಿನಲ್ಲೂ ಪ್ರತಿ ವರ್ಷ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. "ಮೇಡಂ, ಅವಳು ಕೇಸು ಹಾಕಬಹುದಿತ್ತು ಅಲ್ವಾ?"

ಹಾಕುವ ಹಾಗಿರಲಿಲ್ಲ. ಇದನ್ನು ತಿಳಿಯದೆ ಆ ಕತೆಗಳನ್ನು ಓದಿದರೆ ನಾಯಕಿಗೆ ಅನ್ಯಾಯವಾಗುತ್ತದೆ. ಅದಕ್ಕೇ ಈ ಪತ್ರ.

ಇಂಗ್ಲೆಂಡಿನ ಆಗಿನ ಕಾನೂನಿನಲ್ಲಿ ಮದುವೆಯಾದ ಹೆಂಗಸು ಗಂಡನಿಂದ ಬೇರೆಯಾದ ಒಬ್ಬ ವ್ಯಕ್ತಿಯೇ ಆಗಿರಲಿಲ್ಲ. ಇದನ್ನು ಕವರ್ಚರ್ ಎನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಕಾನೂನಿನ ಕಣ್ಣಿಗೆ ಒಂದೇ ಎಂದು 1765ರಲ್ಲಿ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ತಮ್ಮ ಗ್ರಂಥದಲ್ಲಿ ಬರೆದಿಟ್ಟರು. ಕೇಳಲು ಮಧುರವಾಗಿದೆ. ನಡೆಯುತ್ತಿದ್ದುದು ಬೇರೆ. ಅವಳ ಕೈಲಿದ್ದ ದುಡ್ಡು ಅವನದಾಗುತ್ತಿತ್ತು. ಮುಂದೆ ಅವಳು ದುಡಿದರೆ ಅದೂ ಅವನದೇ. ಅವಳಿಗೆ ಯಾರಾದರೂ ಹೊಡೆದರೆ, ಮೋಸ ಮಾಡಿದರೆ, ದಾವೆಯಲ್ಲಿ ಗಂಡನ ಹೆಸರು ಇರಲೇಬೇಕು. ಅನ್ಯಾಯ ಮಾಡಿದವನು ಗಂಡನೇ ಆಗಿದ್ದರೆ? ಇಬ್ಬರೂ ಒಂದೇ ಎಂದ ಮೇಲೆ ಯಾರ ಮೇಲೆ ಯಾರು ದಾವೆ ಹೂಡಬೇಕು! ದುಡ್ಡಿದ್ದ ಮನೆಯವರು ಮದುವೆಗೆ ಮೊದಲೇ ಟ್ರಸ್ಟ್ ಮಾಡಿ, ಅಂದರೆ ಆಸ್ತಿಯನ್ನು ನಂಬಿಕಸ್ಥರ ವಶಕ್ಕೆ ಒಪ್ಪಿಸಿ, ಮಗಳ ಪಾಲನ್ನು ಕಾಪಾಡುತ್ತಿದ್ದರು. ಅಂಥ ಆಸ್ತಿಗಾಗಿ ಬೇರೊಂದು ಕೋರ್ಟಿಗೆ ಹೋಗಬಹುದಿತ್ತು. ಅಲ್ಲಿಯೂ ಅವಳ ಪರವಾಗಿ ಇನ್ನೊಬ್ಬರು ಹೆಸರು ಕೊಟ್ಟು ನಿಲ್ಲಬೇಕಿತ್ತು.

ಆ್ಯನ್ ಬ್ರಾಂಟಿ 1848ರಲ್ಲಿ ಬರೆದ 'ದ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್' ಕಾದಂಬರಿಯ ಹೆಲೆನ್‌ಳನ್ನು ನೋಡಿ. ಗಂಡ ಕುಡುಕ. ಪುಟ್ಟ ಮಗನಿಗೂ ಕುಡಿತ ಕಲಿಸುತ್ತಾನೆ. ಮಗನನ್ನು ಕರೆದುಕೊಂಡು ಹೋಗಿ, ಚಿತ್ರ ಬರೆದು ಮಾರಿ ಬದುಕಬೇಕು ಅಂತ ಅವಳು ಗುಟ್ಟಾಗಿ ತಯಾರಿ ಮಾಡುತ್ತಾಳೆ. ಅವನು ಅವಳ ಡೈರಿ ಓದಿಬಿಡುತ್ತಾನೆ. ಬಣ್ಣ, ಕುಂಚಗಳನ್ನೆಲ್ಲ ಬೆಂಕಿಗೆ ಹಾಕುತ್ತಾನೆ, ಹಣ ಕಿತ್ತುಕೊಳ್ಳುತ್ತಾನೆ. ಕಾನೂನಿನ ಪ್ರಕಾರ ಅವನು ಸುಟ್ಟದ್ದು ತನ್ನದೇ ಸ್ವತ್ತನ್ನು, ಕಿತ್ತುಕೊಂಡದ್ದು ತನ್ನದೇ ಹಣವನ್ನು. ಕಡೆಗೆ ಅವಳು ಸೋದರನ ನೆರವಿನಿಂದ ಹೊರಡುತ್ತಾಳೆ. ಬೇರೆ ಹೆಸರಿಟ್ಟುಕೊಂಡು, ವಿಧವೆ ಎಂದು ಹೇಳಿಕೊಂಡು ಒಂದು ಪಾಳು ಮನೆಯಲ್ಲಿ ಇರುತ್ತಾಳೆ. ತಾನು ಬರೆದ ಚಿತ್ರಕ್ಕೆ ಊರಿನ ಹೆಸರನ್ನೂ ತಪ್ಪಾಗಿ ಹಾಕುತ್ತಾಳೆ, ಅವನಿಗೆ ಸುಳಿವು ಸಿಗಬಾರದು ಅಂತ. ಓದುಗರಿಗೆ ಇದು ಪುಕ್ಕಲುತನದಂತೆ ಕಾಣಬಹುದು. ಆದರೆ ಆ ಚಿತ್ರಗಳ ದುಡ್ಡು ಅವನದು. ಮಗನೂ ಅವನ ಹಕ್ಕು. ಸಿಕ್ಕಿಬಿದ್ದರೆ ಮಗು ಕೈತಪ್ಪುತ್ತಿತ್ತು. ಅಷ್ಟೆಲ್ಲ ಗೊತ್ತಿದ್ದೂ ಹೊರಟಳಲ್ಲ, ಇದಕ್ಕಿಂತ ಜಾಸ್ತಿ ಧೈರ್ಯ ಇನ್ನೇನು ಬೇಕು?

ಇದು ಬರೀ ಕಾದಂಬರಿಯ ಕತೆ ಅಂದುಕೊಳ್ಳಬೇಡಿ. ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿ ನಿಜವಾಗಿ ಇದನ್ನೆಲ್ಲ ಅನುಭವಿಸಿದರು. 1836ರಲ್ಲಿ ಅವರ ಗಂಡ, ಪ್ರಧಾನಿ ಮೆಲ್ಬರ್ನ್ ಜೊತೆ ಅವರಿಗೆ ಸಂಬಂಧವಿದೆ ಎಂದು ಮೆಲ್ಬರ್ನ್ ಮೇಲೆ ದಾವೆ ಹೂಡಿದ. ಕೇಸು ಇಬ್ಬರು ಗಂಡಸರ ನಡುವೆ. ಮಾನ ಹೋಗುತ್ತಿದ್ದದ್ದು ಆ ಹೆಂಗಸಿನದು, ಆದರೂ ಒಂದು ಮಾತು ಸಾಕ್ಷಿ ಹೇಳಲು ಅವರಿಗೆ ಅವಕಾಶವಿರಲಿಲ್ಲ. ಗಂಡ ಸೋತ. ಸೋತರೂ ಮೂವರು ಗಂಡುಮಕ್ಕಳನ್ನು ತನ್ನ ಹತ್ತಿರವೇ ಇಟ್ಟುಕೊಂಡ. ನಾರ್ಟನ್ ಸುಮ್ನೆ ಕೂರಲಿಲ್ಲ, ಬರೆದು ಬರೆದು ಜನರನ್ನು ಎಬ್ಬಿಸಿದರು. 1839ರಲ್ಲಿ ಕಾನೂನು ಬಂತು. 7 ವರ್ಷದೊಳಗಿನ ಮಕ್ಕಳು ತನ್ನ ಬಳಿ ಇರಲಿ ಎಂದು ತಾಯಿ ಕೋರ್ಟನ್ನು ಕೇಳಿಕೊಳ್ಳಬಹುದು ಎಂದಿತು. ಗಂಡ ಮಕ್ಕಳನ್ನು ಸ್ಕಾಟ್‌ಲೆಂಡಿಗೆ ಸಾಗಿಸಿದ. ಆ ಕಾನೂನು ಅಲ್ಲಿ ನಡೆಯುತ್ತಿರಲಿಲ್ಲ. ಈ ಭಾಗ ಹೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಮದುವೆಯಾಗದವರು, ವಿಧವೆಯರು ದಾವೆ ಹೂಡಬಹುದಿತ್ತು. ಡಿಕನ್ಸ್‌ನ 'ಪಿಕ್ವಿಕ್ ಪೇಪರ್ಸ್'ನಲ್ಲಿ ಬರುವ ಮಿಸೆಸ್ ಬಾರ್ಡೆಲ್ ವಿಧವೆ. ಮದುವೆಯಾಗುತ್ತೇನೆ ಎಂದು ಮಾತು ಕೊಟ್ಟು ತಪ್ಪಿದ ಎಂದು ಪಿಕ್ವಿಕ್ ಮೇಲೆ ಕೇಸು ಹಾಕುತ್ತಾಳೆ, 750 ಪೌಂಡ್ ಪರಿಹಾರದ ತೀರ್ಪೂ ಬರುತ್ತದೆ. ಅದೇ ಹೆಂಗಸು ಮರುದಿನ ಮದುವೆಯಾಗಿದ್ದರೆ ಒಬ್ಬಳೇ ಕೋರ್ಟಿಗೆ ಹೋಗುವಂತಿರಲಿಲ್ಲ. ಶಾರ್ಲೆಟ್ ಬ್ರಾಂಟಿಯ ನಾಯಕಿ ಜೇನ್ ಐರ್‌ಳನ್ನೇ ತೆಗೆದುಕೊಳ್ಳಿ. ಚಿಕ್ಕಪ್ಪನಿಂದ ಬಂದ 20,000 ಪೌಂಡನ್ನು ನಾಲ್ಕು ಪಾಲು ಮಾಡಿ 5,000 ಇಟ್ಟುಕೊಳ್ಳುತ್ತಾಳೆ. ನಾನೀಗ ಯಾರ ಹಂಗಿನಲ್ಲೂ ಇಲ್ಲ ಎಂಬ ಹೆಮ್ಮೆಯಲ್ಲಿ ತಾನು ಪ್ರೀತಿಸಿದ ರಾಚೆಸ್ಟರ್ ಬಳಿಗೆ ಬರುತ್ತಾಳೆ. ಆ ಜಾಗ ನನಗೆ ತುಂಬಾ ಇಷ್ಟ. ಆದರೆ ಕೆಲವೇ ಪುಟಗಳಾದ ಮೇಲೆ ಮದುವೆ. ಮೊದಲೇ ಟ್ರಸ್ಟ್ ಮಾಡಿರದಿದ್ದರೆ ಆ 5,000 ಪೌಂಡ್ ಆ ಬೆಳಿಗ್ಗೆಯೇ ಗಂಡನದಾಯಿತು.

ಮದುವೆಯಾಗದ ಹೆಣ್ಣಿನ ಹಕ್ಕಿಗೂ ಮಿತಿ ಇತ್ತು. ಹಾರ್ಡಿಯ ಕಾದಂಬರಿಯ ಟೆಸ್ ನೆನಪಿದೆಯಲ್ಲ? ಹೆಣ್ಣನ್ನು ಕೆಡಿಸಿದವನ ಮೇಲೆ ಪರಿಹಾರ ಕೇಳುವ ದಾವೆ ಒಂದಿತ್ತು. ಆದರೆ ಅದನ್ನು ಹೂಡಬೇಕಾದವನು ತಂದೆ, ಅದೂ ಮಗಳ ದುಡಿಮೆ ತನಗೆ ತಪ್ಪಿತು ಎಂಬ ಲೆಕ್ಕದಲ್ಲಿ. ಹೋದ ಹಸುವಿಗೆ ಬೆಲೆ ಕಟ್ಟಿದ ಹಾಗೆ. ಮಗಳು ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದರೆ ತಂದೆಯ ದಾವೆಯೂ ನಿಲ್ಲುವುದು ಕಷ್ಟವಾಗಿತ್ತು. ಟೆಸ್ ಕೆಲಸಕ್ಕಿದ್ದದ್ದು ಅವಳನ್ನು ಕೆಡಿಸಿದ ಅಲೆಕ್‌ನ ಮನೆಯಲ್ಲೇ, ಕೋಳಿ ನೋಡಿಕೊಳ್ಳಲು. ಅವಳಿಗಾದ ನೋವಿಗೆ ಅವಳೇ ಬಂದು ಪರಿಹಾರ ಕೇಳುವ ದಾರಿಯನ್ನು ಆ ಕಾನೂನು ಇಟ್ಟಿರಲಿಲ್ಲ.

ಪುರವಣಿಯ ಲೇಖಕರು ತಪ್ಪಾಗಿ ಅಳೆದಿರುವುದು ಮುಖ್ಯವಾಗಿ ಲಾರಾಳನ್ನು. ವಿಲ್ಕಿ ಕಾಲಿನ್ಸ್ 1859–60ರಲ್ಲಿ ಬರೆದ 'ದ ವುಮನ್ ಇನ್ ವೈಟ್'ನ ಲಾರಾ. "ಮೆತ್ತಗಿನ ಹುಡುಗಿ" ಎಂದಿದ್ದಾರೆ. ಗಂಡ ಮಡಚಿದ ಕಾಗದ ತಂದು, ಸಹಿ ಹಾಕುವ ಜಾಗ ಮಾತ್ರ ಕಾಣಿಸುವ ಹಾಗಿಟ್ಟು ಸಹಿ ಮಾಡು ಎನ್ನುತ್ತಾನೆ. ಓದದೆ ಮಾಡುವುದಿಲ್ಲ ಎನ್ನುತ್ತಾಳೆ ಆ ಮೆತ್ತಗಿನ ಹುಡುಗಿ! ಅವನು ಸಿಟ್ಟಿನಿಂದ ಕೂಗಾಡಿದರೂ ಅವಳು ಬಗ್ಗುವುದಿಲ್ಲ. ಆಮೇಲೆ ಏನಾಯಿತು? ಅವಳನ್ನೇ ಹೋಲುವ ಇನ್ನೊಬ್ಬಳು ಸತ್ತಾಗ ಲಾರಾ ಸತ್ತಳೆಂದು ಸಮಾಧಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿ, ಲಾರಾಳನ್ನು ಆ ಇನ್ನೊಬ್ಬಳ ಹೆಸರಿನಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ. ಅವಳ 20,000 ಪೌಂಡ್ ಗಂಡನಿಗೆ ಬರುತ್ತದೆ. ಕಾನೂನು ಮದುವೆಯ ದಿನ ಕಾಗದದ ಮೇಲೆ ಮಾಡಿದ್ದನ್ನೇ ಗಂಡ ಇಲ್ಲಿ ಕಲ್ಲಿನ ಮೇಲೆ ಮಾಡಿದ ಎಂದು ನನಗೆ ಅನಿಸುತ್ತದೆ.

ಬದಲಾವಣೆ ತುಂಡು ತುಂಡಾಗಿ ಬಂತು. ಕೋರ್ಟಿನ ಮೂಲಕ ಗಂಡನಿಂದ ಬೇರೆಯಾದವಳು ಒಂಟಿ ಹೆಣ್ಣಿನಂತೆ ದಾವೆ ಹೂಡಬಹುದು ಎಂದು 1857ರಲ್ಲಿ ಆಯಿತು. 1870ರಲ್ಲಿ ದುಡಿದ ಸಂಬಳ ಅವಳದೇ ಆಯಿತು. 1882ರ ಕಾನೂನು, ಮದುವೆಯಾದವಳು ಗಂಡನ ಹೆಸರಿಲ್ಲದೆ ತನ್ನ ಹೆಸರಿನಲ್ಲೇ ದಾವೆ ಹೂಡಬಹುದು ಎಂದಿತು. ಅದು ಜಾರಿಯಾದದ್ದು 1883ರ ಜನವರಿ 1ರಂದು.

ಜಾರ್ಜಿನಾ ವೆಲ್ಡನ್ ಎಂಬುವರು ಆ ದಿನಕ್ಕಾಗಿಯೇ ಕಾದಂತಿದ್ದರು. 1878ರಲ್ಲಿ ಅವರ ಗಂಡ ಅವರನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ನೋಡಿದ್ದ. ವೈದ್ಯರು ಬಂದು ಮಾತನಾಡಿಸಿ ಕಾಗದವನ್ನೂ ಬರೆದುಕೊಟ್ಟಿದ್ದರು. ಲಾರಾಳ ಕತೆಯೇ ಎದ್ದು ಬಂದ ಹಾಗೆ. ವೆಲ್ಡನ್ ತಪ್ಪಿಸಿಕೊಂಡು, ಆ ಆದೇಶದ ಅವಧಿ ಮುಗಿಯುವ ತನಕ ಅಡಗಿದ್ದರು. ಆಗ ದಾವೆ ಹೂಡುವಂತಿರಲಿಲ್ಲ. ಹೊಸ ಕಾನೂನು ಬಂದದ್ದೇ ತಡ, ಆ ವೈದ್ಯರ ಮೇಲೆ ಒಂದಾದ ಮೇಲೊಂದು ಕೇಸು ಹಾಕಿದರು. ವಕೀಲರನ್ನು ಇಟ್ಟುಕೊಳ್ಳದೆ ತಾವೇ ಕೋರ್ಟಿನಲ್ಲಿ ನಿಂತು ವಾದಿಸಿದರು, ಪರಿಹಾರವನ್ನೂ ಗೆದ್ದರು.

ಲೇಖಕರಲ್ಲಿ ನನ್ನ ವಿನಂತಿ ಇಷ್ಟೇ. ಹೆಲೆನ್, ಲಾರಾ ಇಬ್ಬರನ್ನೂ ಈ ವರ್ಷಗಳನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೊಮ್ಮೆ ಓದಲಿ. ಈ ಕಾದಂಬರಿಗಳನ್ನು ಕನ್ನಡಕ್ಕೆ ತರುವವರು ಆಗಿನ ಕಾನೂನಿನ ಬಗ್ಗೆ ಮೊದಲಲ್ಲಿ ಅರ್ಧ ಪುಟವಾದರೂ ಬರೆಯಲಿ. ಮುಂದಿನ ವಾರ ನಾನು ಹೆಲೆನ್‌ಳ ಪಾಠ ಶುರು ಮಾಡುತ್ತಿದ್ದೇನೆ. ಪುಸ್ತಕ ತೆರೆಯುವ ಮೊದಲು ಬೋರ್ಡಿನ ಮೇಲೆ 1839, 1857, 1870, 1882 ಎಂದು ಬರೆಯುತ್ತೇನೆ.

ಇಂತಿ,
ನಿಮ್ಮ ಓದುಗಾರ್ತಿ, ಒಬ್ಬ ಇಂಗ್ಲಿಷ್ ಅಧ್ಯಾಪಕಿ