ಹುಕ್ಕೇರಿಯ ಕರೆಂಟ್ ಸೊಸೈಟಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಶಿವು,

"ಕರೆಂಟಿಗೂ ಸೊಸೈಟಿ ಇರುತ್ತಾ?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ನಿಧಾನವಾಗಿ ಬರೆಯೋಣ ಅಂತ ಕೂತೆ.

ಇದೆ ಕಣೋ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ, 1969ರಿಂದ. ಇಡೀ ಕರ್ನಾಟಕಕ್ಕೆ ಅದೊಂದೇ. ಹಳ್ಳಿಗೆ ಕರೆಂಟ್ ಮುಟ್ಟಿಸೋಕೆ ದೇಶದಲ್ಲಿ ಮೊದಲು ಶುರು ಮಾಡಿದ ಐದು ಸಂಘಗಳಲ್ಲಿ ಅದೂ ಒಂದು. ಕರೆಂಟನ್ನು ಸಗಟಾಗಿ ಕೊಂಡು, ತನ್ನದೇ ಲೈನಿನಲ್ಲಿ ಮನೆಗೂ ಪಂಪ್‌ಸೆಟ್ಟಿಗೂ ಕೊಡುತ್ತದೆ. ಷೇರು ಹಾಕಿದ ರೈತ ಸದಸ್ಯನಾಗುತ್ತಾನೆ, ಆಡಳಿತ ಮಂಡಳಿಗೆ ಓಟು ಹಾಕುತ್ತಾನೆ.

ಮಂಡ್ಯದವರಿಗೆ ಇದು ಹೊಸದೇನಲ್ಲ ಅಲ್ವಾ? ನಮ್ಮ ಹಾಲಿನ ಡೈರಿಯೂ ಸೊಸೈಟಿಯೇ, ಬೆಳಗಾಗೆದ್ದು ಕ್ಯಾನು ಹಿಡಿದು ಅದರ ಮುಂದೆ ನಿಲ್ಲುತ್ತೇವೆ. ಫ್ಯಾಟ್ ಕಮ್ಮಿ ಬಂದರೆ ಅಲ್ಲೇ ಕೇಳುತ್ತೇವೆ. ಕಾರ್ಯದರ್ಶಿ ನಮ್ಮೂರವನೇ, ಉತ್ತರ ಕೊಡಲೇಬೇಕು.

ಈ ಬೇಸಿಗೆಯಲ್ಲಿ ನಮ್ಮ ಗದ್ದೆ ಕಡೆಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯಿತು. ಹಳೇ ಟಿಸಿ, ಅದರ ಮೇಲೆ ಹೊಸ ಹೊಸ ಪಂಪ್‌ಸೆಟ್ಟು, ಲೋಡು ತಡೆಯಲಿಲ್ಲ. ಟ್ರಾಕ್ಟರ್ ತಂದು, ಹಗ್ಗ ಕಟ್ಟಿ, ನಾವೇ ಕೈಹಾಕಿ ಇಳಿಸಿದೆವು. ಕಪ್ಪಗಾದ ಎಣ್ಣೆ ಸೋರಿ ಕೈಯೆಲ್ಲ ಜಿಡ್ಡು. ಬದಲಿ ಟಿಸಿ ಬರುವಷ್ಟರಲ್ಲಿ ಕಬ್ಬಿನ ಗರಿ ಸುರುಟಿಕೊಂಡಿತ್ತು. ಲೈನ್‌ಮನ್‌ಗಳ ಮೇಲೆ ನನಗೆ ಸಿಟ್ಟಿಲ್ಲ, ಜಡಿ ಮಳೆಯಲ್ಲೂ ಕಂಬ ಹತ್ತುವ ಹುಡುಗರು ಅವರು. ಆದರೆ ಎಲ್ಲಿ ಎಷ್ಟು ಮೋಟರ್ ಓಡುತ್ತವೆ ಅಂತ ಚೆನ್ನಾಗಿ ಗೊತ್ತಿರೋದು ನೀರು ಕಟ್ಟುವವನಿಗೆ. ಅವನ ಮಾತು ನಡೆಯುವ ಒಂದು ಸಭೆ ಬೇಕು ಅನ್ನೋದೇ ನನ್ನ ಆಸೆ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ನಮ್ಮ ಮಳವಳ್ಳಿ ಸೀಮೆಯ ಹಳ್ಳಿಗಳು ಆಮೇಲೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು.

ಸಂಘ ಮಾಡಿದರೆ ಎಲ್ಲಾ ಸರಿಹೋಗುತ್ತೆ ಅಂತ ಸುಮ್ನೆ ಹೇಳಲಾರೆ. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘವೂ ಹುಕ್ಕೇರಿಯ ಓರಗೆಯದೇ. ಕೊಂಡ ಕರೆಂಟಿನ ಬಾಕಿ ಬೆಳೆಯಿತು, 2011ರಲ್ಲಿ ವಿತರಣೆ ಅದರ ಕೈತಪ್ಪಿತು. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಆ ದುಡ್ಡು ಸರ್ಕಾರದಿಂದ ಹೊತ್ತಿಗೆ ಸರಿಯಾಗಿ ಬರದಿದ್ದರೆ ಸಂಘ ಹೇಗೆ ನಡೆದೀತು? ಇದನ್ನೂ ಯೋಚಿಸಬೇಕು.

ಮುಂದಿನ ತಿಂಗಳು ಬೆಳಗಾವಿಗೆ ಹೋಗುತ್ತೀಯಲ್ಲ, ಹುಕ್ಕೇರಿಗೂ ಹೋಗಿಬಾ. ಆಫೀಸಿಗಿಂತ ಮೊದಲು ಗದ್ದೆ ಕಡೆ ಹೋಗು. ಟಿಸಿ ಸುಟ್ಟರೆ ಎಷ್ಟು ದಿನಕ್ಕೆ ಬದಲಾಯಿಸುತ್ತಾರೆ, ವಾರ್ಷಿಕ ಸಭೆಯಲ್ಲಿ ಒಂದೆಕರೆಯವನು ಎದ್ದು ಕೇಳಿದರೆ ಉತ್ತರ ಸಿಗುತ್ತಾ, ಎಲ್ಲಾ ವಿಚಾರಿಸಿ ನನಗೆ ಬರೆ. ಅತ್ತಿಗೆಗೆ ನಮಸ್ಕಾರ ಹೇಳು.

ಇಂತಿ ನಿನ್ನ,
ಕುಮಾರ